ಸುಲಾ ಸೊವಿನ್ಯೋ ಬ್ಲಾಂಕ್: ಮಲೆನಾಡಿನ ಊಟದ ಜೊತೆಗೆ

ಕೈಗೆಟುಕುವ ಬೆಲೆಯ ಬಿಳಿ ವೈನ್‌ಗಳಲ್ಲಿ ನಾಸಿಕ್‌ನ ಸುಲಾ ಕಂಪನಿಯ ಸೊವಿನ್ಯೋ ಬ್ಲಾಂಕನ್ನು (ಇದೇ ಹೆಸರಿನ ದ್ರಾಕ್ಷಿಯ ವೈನ್) ಧೈರ್ಯವಾಗಿ ಕೊಳ್ಳಬಹುದು. ಶಿವಮೊಗ್ಗದ ಅಂಗಡಿಗಳಲ್ಲಿ ಕೊಳ್ಳುವಾಗ ಮೊದಲು ಲೇಬಲ್ಲಿನ ಮೇಲಿನ ವರ್ಷ ನೋಡಿ. ಇದು ಹಳತಾದಷ್ಟೂ ರುಚಿ ಏರುವ ವೈನ್ ಅಲ್ಲ. ಎರಡು ವರ್ಷದೊಳಗಿನದೇ ಬೇಕು. ಬಿಸಿಲು ಬೀಳುವ ಶೋಕೇಸಿನಲ್ಲಿ ನಿಂತಿದ್ದ ಬಾಟಲಿ ಬೇಡ. ಶಾಖ ತಗುಲಿದರೆ ಹಣ್ಣಿನ ಪರಿಮಳ ಹೋಗಿ, ಬಣ್ಣ ಕಂದಾಗಿ, ಕೊಯ್ದಿಟ್ಟ ಸೇಬಿನ ವಾಸನೆ ಬರುತ್ತದೆ.

ಫ್ರಿಜ್ಜಿನಲ್ಲಿ ಮೂರು ಗಂಟೆ ಇಟ್ಟು, ಬಡಿಸುವ ಹತ್ತು ನಿಮಿಷ ಮೊದಲು ಹೊರತೆಗೆಯಿರಿ. 8ರಿಂದ 10 ಡಿಗ್ರಿ ಸೆಲ್ಸಿಯಸ್ ಸರಿಯಾದ ಹದ. ಅವಸರವಿದ್ದರೆ ಬಕೆಟ್ಟಿಗೆ ಐಸು, ನೀರು ಸಮಪಾಲು, ಮೇಲೊಂದು ಹಿಡಿ ಕಲ್ಲುಪ್ಪು: ಇಪ್ಪತ್ತು ನಿಮಿಷ ಸಾಕು. ಗ್ಲಾಸಿಗೆ ಐಸು ಹಾಕಲೇಬೇಡಿ, ವೈನ್ ನೀರಾಗುತ್ತದೆ. ತೀರಾ ತಣ್ಣಗಿದ್ದರೆ ಪರಿಮಳವೇ ಏಳುವುದಿಲ್ಲ.

ಗ್ಲಾಸಿನ ಮೂರನೇ ಒಂದು ಭಾಗ ಸುರಿದು, ತಿರುಗಿಸಿ ಮೂಸಿ. ಆಗಷ್ಟೇ ಕೊಯ್ದ ಹುಲ್ಲು, ದೊಣ್ಣೆಮೆಣಸಿನಕಾಯಿ, ಹಿಂದೆಯೇ ಸೀಬೆ. ಆ ಹಸಿರು ವಾಸನೆ ಮೆಥಾಕ್ಸಿಪೈರಜಿನ್ ಎಂಬ ಸಂಯುಕ್ತಗಳದು. ಈ ದ್ರಾಕ್ಷಿಯ ಸಹಜ ಗುಣ, ದೋಷವಲ್ಲ. ಬಾಯಲ್ಲಿ ನಿಂಬೆಯ ಹುಳಿ ಚುರುಕಾಗಿದೆ, ಸಿಹಿಯಿಲ್ಲ. ಆದರೆ ರುಚಿ ಬೇಗ ಕರಗುತ್ತದೆ. ನಮಗೆ ಕಂಡ ಕೊರತೆ ಅದೊಂದೇ.

ಈ ಹುಳಿಗೆ ಹೊಳೆಮೀನಿನ ಫ್ರೈ, ಪತ್ರೊಡೆ ಅದ್ಭುತ ಜೋಡಿ. ಖಾರದ ಕೋಳಿಸಾರು ಬೇಡ; ಆಲ್ಕೋಹಾಲು ಖಾರದ ಉರಿಯನ್ನು ಹೆಚ್ಚಿಸುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿಯ ಮುಂದೆಯಂತೂ ವೈನ್ ಸಪ್ಪೆ. ತಿರುಪು ಮುಚ್ಚಳ ಬಿಗಿಮಾಡಿ ಫ್ರಿಜ್ಜಿನಲ್ಲಿಟ್ಟರೆ ಉಳಿದದ್ದು ಮೂರು ದಿನ ಚೆನ್ನಾಗಿರುತ್ತದೆ.