ಹಸಿ ಊಟಕ್ಕೆ ಯಾವ ಜ್ಯೂಸರ್? ತಂಬಿಗೆ ನೀರಿನ ಲೆಕ್ಕದಲ್ಲಿ ಒಂದು ಹೋಲಿಕೆ

ಹೋದ ವರ್ಷ ಯುಗಾದಿ ಆದ ಮೇಲೆ ನಮ್ಮ ಮನೆಯವರು ಒಂದು ಪ್ರಕೃತಿ ಚಿಕಿತ್ಸೆ ಶಿಬಿರಕ್ಕೆ ಹೋಗಿ ಬಂದರು. ಚಪ್ಪಲಿ ಬಿಡುವ ಮೊದಲೇ ಹೇಳಿದರು: ಇನ್ನು ಮೂರು ತಿಂಗಳು ಒಲೆ ಮೇಲಿಟ್ಟದ್ದು ಏನೂ ಬೇಡ, ಬರೀ ಹಸಿ. ಅತ್ತೆ ನನ್ನ ಕಡೆ ತಿರುಗಿ, "ಒಬ್ಬನ ಅಡಿಗಿ ಕಡಿಮಿ ಆತು ಬಿಡ ನಿನಗ" ಅಂದರು. ನಾನೂ ಹಾಗೇ ಅಂದುಕೊಂಡೆ. ಅಡುಗೆ ಕಡಿಮೆ ಆಗಿದ್ದು ನಿಜ. ತೊಳೆಯುವುದು ಮೂರು ಪಟ್ಟಾಯಿತು.

ಹಸಿ ತಿನ್ನುವುದು ನಮಗೇನು ಹೊಸದಲ್ಲ. ವಿಜಯಪುರದ ಕಡೆ ರೊಟ್ಟಿ ತಾಟಿನ ಒಂದು ಬದಿ ಯಾವಾಗಲೂ ಹಸಿರೇ. ಮೆಂತ್ಯೆ ಸೊಪ್ಪು, ಹಕ್ಕರಿಕಿ, ಮೂಲಂಗಿ, ಉಳ್ಳಾಗಡ್ಡಿ, ಸೌತೆಕಾಯಿ. ಇಲ್ಲಾಂದ್ರೆ ಗಜ್ಜರಿ, ಅಂದರೆ ಕ್ಯಾರೆಟ್, ತುರಿದು ಪಚಡಿ. ಆದರೆ ಶಿಬಿರದವರು ಕೊಟ್ಟ ಪಟ್ಟಿಯಲ್ಲಿ ಎದ್ದ ಕೂಡಲೇ ಗಜ್ಜರಿ ರಸ, ಹನ್ನೊಂದಕ್ಕೆ ಸೊಪ್ಪಿನ ರಸ, ಸಂಜೆ ಹಣ್ಣಿನ ರಸ ಇತ್ತು. ದಿನಕ್ಕೆ ಮೂರು ಸಲ ಹಿಂಡಬೇಕು ಅಂದರೆ ಯಂತ್ರ ಬೇಕಲ್ವಾ?

ಮೂರು ತಿಂಗಳಲ್ಲಿ ನಾಲ್ಕು ಸಾಧನ ನನ್ನ ಕೈಯಲ್ಲಿ ಓಡಾಡಿದವು. ಮಿಕ್ಸಿ ಜೊತೆ ಬಂದಿದ್ದ ಜಾಳಿಗೆಯ ಜಾರ್. ಮೂರೂವರೆ ಸಾವಿರದ ಸೆಂಟ್ರಿಫ್ಯೂಗಲ್ ಜ್ಯೂಸರ್. ಹನ್ನೊಂದು ಸಾವಿರದ ಸ್ಲೋ ಜ್ಯೂಸರ್, ಅಂಗಡಿಯವರ ಬಾಯಲ್ಲಿ ಕೋಲ್ಡ್ ಪ್ರೆಸ್. ಮತ್ತೆ ನಾಲ್ಕುನೂರು ರೂಪಾಯಿಯ ಕೈಹಿಡಿಕೆಯ ಅಲ್ಯೂಮಿನಿಯಂ ಯಂತ್ರ, ಮೋಸಂಬಿ ಹಿಂಡುವುದು. ಕಂಪನಿ ಹೆಸರು ಬರೆಯುವುದಿಲ್ಲ. ಒಂದು ಬಗೆಯ ಯಂತ್ರ ಯಾವ ಕಂಪನಿಯದಾದರೂ ಒಳಗಿನ ಕೆಲಸ ಹೆಚ್ಚುಕಡಿಮೆ ಒಂದೇ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಓಣಿಗೆ ನಳದ ನೀರು ಬರುವುದು ನಾಲ್ಕೈದು ದಿನಕ್ಕೊಮ್ಮೆ. ಹಾಗಾಗಿ ಯಾವ ಯಂತ್ರ ಎಷ್ಟು ರಸ ಕೊಟ್ಟಿತು ಅನ್ನುವುದರ ಜೊತೆಗೆ, ತೊಳೆಯಲು ಎಷ್ಟು ತಂಬಿಗೆ ನೀರು ಕುಡಿಯಿತು ಅನ್ನುವುದನ್ನೂ ನಾನು ಲೆಕ್ಕ ಇಟ್ಟೆ. ದೊಡ್ಡ ಊರಿನವರು ಈ ಲೆಕ್ಕ ಬಿಟ್ಟು ಓದಬಹುದು.

ಗಜ್ಜರಿಯಿಂದ ಶುರು ಮಾಡೋಣ. ಒಂದೇ ದಿನ ಮಾರ್ಕೆಟ್ಟಿನಿಂದ ತಂದದ್ದು, ಅರ್ಧ ಅರ್ಧ ಕಿಲೋ ತೂಗಿ ಹಾಕಿದೆ. ಸೆಂಟ್ರಿಫ್ಯೂಗಲ್‌ನಲ್ಲಿ 220 ಎಂಎಲ್ ಬಂತು, ಸ್ಲೋ ಜ್ಯೂಸರಿನಲ್ಲಿ 280. ಮಿಕ್ಸಿ ಜಾರಿಗೆ ನೀರು ಹಾಕದೆ ಗಜ್ಜರಿ ತಿರುಗುವುದೇ ಇಲ್ಲ. ಒಂದು ಲೋಟ ನೀರು ಹಾಕಿ ತಿರುಗಿಸಿ, ಬಟ್ಟೆಯಲ್ಲಿ ಹಿಂಡಿದೆ. ರಸ ತೆಳು, ರುಚಿ ಅರ್ಧ. ಆದರೆ ಸಮಯ ಐದೇ ನಿಮಿಷ.

ಸೆಂಟ್ರಿಫ್ಯೂಗಲ್ ಯಂತ್ರದ ಕೆಲಸ ಸರಳ. ಹಲ್ಲಿರುವ ತಟ್ಟೆಯೊಂದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಾ ಗಜ್ಜರಿ ತುರಿಯುತ್ತದೆ, ಆ ರಭಸಕ್ಕೆ ರಸ ಜಾಳಿಗೆಯ ಆಚೆ ಚಿಮ್ಮುತ್ತದೆ. ಇಡೀ ಗಜ್ಜರಿ ಬಾಯಿಗೆ ಕೊಟ್ಟರೂ ನುಂಗುತ್ತದೆ, ಹೆಚ್ಚುವ ಕೆಲಸ ಇಲ್ಲ. ಆದರೆ ಸದ್ದು ಹಿಟ್ಟಿನ ಗಿರಣಿಯದು. ಬೆಳಿಗ್ಗೆ ಐದೂವರೆಗೆ ಹಚ್ಚಿದರೆ ಪಕ್ಕದ ಮನೆಯ ಕೂಸು ಎದ್ದು ಅಳುತ್ತಿತ್ತು. ಲೋಟದ ಮೇಲೆ ಎರಡು ಬೆರಳು ನೊರೆ. ಕಾಲು ಗಂಟೆ ಇಟ್ಟರೆ ಮೇಲೆ ನೊರೆ, ನಡುವೆ ನೀರು, ಕೆಳಗೆ ಗಸಿ, ಮೂರು ಬೇರೆಬೇರೆ ಸಾಮಾನು ಹಾಕಿಟ್ಟ ಹಾಗೆ.

ಅದಕ್ಕೆ ಇನ್ನೊಂದು ಕೆಟ್ಟ ಗುಣ. ಜಾಳಿಗೆಯಲ್ಲಿ ಚರಟ ಒಂದೇ ಬದಿಗೆ ಕೂತರೆ ಇಡೀ ಯಂತ್ರ ನಡುಗುತ್ತದೆ. ಒಂದು ದಿನ ನಮ್ಮ ಮನೆಯವರು ತಾವೇ ಬೀಟ್‌ರೂಟ್ ಹಾಕುತ್ತಿದ್ದರು. ನಡುಗಿ ನಡುಗಿ ಮುಚ್ಚಳದ ಕ್ಲಿಪ್ಪು ಬಿಟ್ಟುಕೊಂಡಿತು. ಯಂತ್ರ ತಾನಾಗೇ ನಿಂತಿತೇನೋ ಸರಿ, ಅಷ್ಟರಲ್ಲಿ ಬಿಳಿ ಗೋಡೆ, ಅಂಗಿ, ಕನ್ನಡಕ ಎಲ್ಲಾ ಕೆಂಪು. ಅತ್ತೆ ಬಾಗಿಲಲ್ಲಿ ನಿಂತು, "ಅಯ್ಯ ಶಿವನೇ, ಕೈ ಕೊಯ್ಕೊಂಡೇನೋ?" ಅಂತ ಚೀರಿದರು. ವಿಷಯ ತಿಳಿದ ಮೇಲೆ, "ಹಲ್ಲು ಗಟ್ಟಿ ಅದಾವಲ್ಲೋ, ಕಡದ ತಿನ್ನಾಕ ಏನಾಗೇತಿ ನಿನಗ" ಅಂದರು. ನನಗೆ ಆ ಪ್ರಶ್ನೆ ಇವತ್ತಿಗೂ ಸರಿಯಾಗೇ ಕಾಣುತ್ತದೆ.

ಸ್ಲೋ ಜ್ಯೂಸರಿನ ಹೊಟ್ಟೆಯಲ್ಲಿ ಬ್ಲೇಡ್ ಇಲ್ಲ. ದಪ್ಪ ಪ್ಲಾಸ್ಟಿಕ್ಕಿನ ಒಂದು ಸ್ಕ್ರೂ, ನಿಮಿಷಕ್ಕೆ ಐವತ್ತು ಅರವತ್ತು ಸುತ್ತು ಅಷ್ಟೇ. ಗಜ್ಜರಿಯನ್ನು ಜಾಳಿಗೆಗೆ ಒತ್ತಿ ಅರೆಯುತ್ತಾ ಹೋಗುತ್ತದೆ. ನೋಡುತ್ತಾ ನಿಂತರೆ ಕಬ್ಬಿನ ಗಾಣವೇ ನೆನಪಾಗುತ್ತದೆ. ಗಾಂಧಿ ಚೌಕಿನಲ್ಲಿ ಕಬ್ಬಿನ ಹಾಲು ಕುಡಿಯುವಾಗ ಅದನ್ನು ಕೋಲ್ಡ್ ಪ್ರೆಸ್ ಅಂತ ನಾವು ಯಾರೂ ಕರೆಯಲಿಲ್ಲ ಅಷ್ಟೇ. (ಗಾಣ ನೆನಪಾಯಿತು ಅಂತ ಇದರಲ್ಲಿ ಕಬ್ಬು ಮಾತ್ರ ಹಾಕಬೇಡಿ. ಸ್ಕ್ರೂ ಮುರಿಯುತ್ತದೆ.) ಸದ್ದು ಬಹಳ ಕಡಿಮೆ, ನೊರೆ ತೆಳು, ರಸ ಗಟ್ಟಿ. ಫ್ರಿಜ್ಜಿನಲ್ಲಿಟ್ಟರೆ ಸಂಜೆವರೆಗೂ ಕುಡಿಯುವ ಹಾಗೆ ಇರುತ್ತದೆ.

ಆದರೆ ಅದು ಸಮಾಧಾನದ ಯಂತ್ರ, ಅದನ್ನು ಬಳಸುವವರಿಗೂ ಸಮಾಧಾನ ಬೇಕು. ಗಜ್ಜರಿಯನ್ನು ಬೆರಳುದ್ದ ಸೀಳಬೇಕು. ಒಂದೊಂದೇ ಬಿಡಬೇಕು. ಗಡಿಬಿಡಿ ಮಾಡಿ ತುರುಕಿದರೆ ಕಚ್ಚಿಕೊಂಡು ನಿಲ್ಲುತ್ತದೆ, ಆಮೇಲೆ ರಿವರ್ಸ್ ಗುಂಡಿ ಒತ್ತಿ ಬಿಡಿಸಬೇಕು. ಅರ್ಧ ಕಿಲೋಗೆ ಹೆಚ್ಚುವುದೂ ಸೇರಿ ಹದಿನೈದು ನಿಮಿಷ.

ಸೊಪ್ಪಿಗೆ ಬಂದರೆ ಪಂದ್ಯ ಅಲ್ಲಿಗೇ ಮುಗಿಯಿತು. ಕಾಲು ಕಿಲೋ ಪಾಲಕ್ ಸೆಂಟ್ರಿಫ್ಯೂಗಲ್‌ಗೆ ಹಾಕಿದರೆ 60 ಎಂಎಲ್ ಬಂತು, ಉಳಿದದ್ದು ಒದ್ದೆ ಎಲೆಯಾಗಿಯೇ ಚರಟದ ಡಬ್ಬಿಗೆ ಹಾರಿತು. ಸ್ಲೋ ಜ್ಯೂಸರಿನಲ್ಲಿ 140. ನಮ್ಮ ಮನೆಯವರು ತಟ್ಟೆಯಲ್ಲಿ ಮಣ್ಣು ಹಾಕಿ ಗೋಧಿ ಹುಲ್ಲು ಬೆಳೆಸಿದ್ದರು. ಎಂಟು ದಿನಕ್ಕೆ ಗೇಣುದ್ದ. ಅದನ್ನು ಸೆಂಟ್ರಿಫ್ಯೂಗಲ್ ಮುಟ್ಟಲೇ ಇಲ್ಲ, ಸ್ಲೋ ಜ್ಯೂಸರ್ ಹಿಂಡಿ ಕೊಟ್ಟಿತು. ಮೆಂತ್ಯೆ, ಕೊತ್ತಂಬರಿ ದಂಟನ್ನು ಮಾತ್ರ ಸಣ್ಣಗೆ ಕತ್ತರಿಸಿ ಹಾಕಿ. ಉದ್ದ ನಾರು ಸ್ಕ್ರೂಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ನಡುವೆ ಒಂದು ಗಜ್ಜರಿ ತುಂಡು ಬಿಟ್ಟರೆ ಸೊಪ್ಪನ್ನು ತಳ್ಳಿಕೊಂಡು ಹೋಗುತ್ತದೆ.

ಹಣ್ಣಿನಲ್ಲಿ ಲೆಕ್ಕ ತಿರುಗಿತು. ಮೋಸಂಬಿಗೂ ಇಂಡಿ ಲಿಂಬೆಗೂ ಕೈಯಂತ್ರದ ಮುಂದೆ ಯಾವುದೂ ನಿಲ್ಲಲ್ಲ. ನಮ್ಮ ಜಿಲ್ಲೆಯ ಇಂಡಿ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಗುರುತು, ಬಂದಿದೆ, ಅದರ ರಸಕ್ಕೆ ಹನ್ನೊಂದು ಸಾವಿರದ ಯಂತ್ರ ಬೇಕಿಲ್ಲ. ಒಂದು ತಂಬಿಗೆ ನೀರಲ್ಲಿ ತೊಳೆದು ಮುಗಿಯುತ್ತದೆ. ಅದೇ ಕೈಯಂತ್ರದಲ್ಲಿ ದಾಳಿಂಬೆಯನ್ನು ಅರ್ಧ ಮಾಡಿ ಒತ್ತಿದೆ, ಸಿಪ್ಪೆಯ ಒಗರೆಲ್ಲಾ ರಸಕ್ಕೆ ಇಳಿಯಿತು. ಕಾಳು ಬಿಡಿಸಿ ಸ್ಲೋ ಜ್ಯೂಸರಿಗೆ ಹಾಕಿದರೆ ರಸ ಚೆನ್ನಾಗಿಯೇ ಬಂತು, ಆದರೆ ಒಳಗೆ ಕಟಕಟ ಸದ್ದು. ಕೊನೆಗೆ ಗೆದ್ದದ್ದು ಮನೆಯ ಹಳೇ ಮಿಕ್ಸಿ. ಗುಂಡಿಯನ್ನು ಎರಡು ಸಲ ಸುಮ್ನೆ ತಿರುವಿ ಬಿಡಬೇಕು, ಕಾಳು ಒಡೆಯಬೇಕು, ಒಳಗಿನ ಬೀಜ ಒಡೆಯಬಾರದು. ಮೂರನೇ ಸಲ ತಿರುವಿದಿರೋ ಕಹಿ. ತಿಕೋಟಾ ದ್ರಾಕ್ಷಿ ಯಾವುದರಲ್ಲಾದರೂ ಆಗುತ್ತದೆ, ಆದರೆ ಅದನ್ನು ಯಾಕೆ ಹಿಂಡುತ್ತೀರಿ, ಹಾಗೇ ತಿನ್ನಿ.

ಬಿಸಿಯ ವಿಷಯ. ಹಸಿ ಊಟದವರು 40ರಿಂದ 48 ಡಿಗ್ರಿ ಒಳಗೆ ಎಲ್ಲೋ ಒಂದು ಗೆರೆ ಹಾಕಿಕೊಂಡಿರುತ್ತಾರೆ, ಅದಕ್ಕಿಂತ ಬಿಸಿಯಾದರೆ ಕಿಣ್ವ (ಎಂಜೈಮ್) ಸಾಯುತ್ತದೆ ಅನ್ನುವುದು ಅವರ ಮಾತು. ಜೋರಾಗಿ ತಿರುಗುವ ಯಂತ್ರ ರಸವನ್ನು ಕಾಯಿಸುತ್ತದೆ ಅಂತ ಅಂಗಡಿಯವರೂ ಹೆದರಿಸುತ್ತಾರೆ. ಮೇ ತಿಂಗಳಲ್ಲಿ ವಿಜಯಪುರದ ಬಿಸಿಲೇ 40 ದಾಟುತ್ತದೆ. ಮಾರ್ಕೆಟ್ಟಿನಿಂದ ಗಜ್ಜರಿ ಮನೆಗೆ ಬರುವಷ್ಟರಲ್ಲೇ ಅರ್ಧ ಬೆಂದಿರುತ್ತದೆ! ತಮಾಷೆ ಬಿಡಿ, ಒಂದೆರಡು ನಿಮಿಷ ತಿರುಗಿದ ಸೆಂಟ್ರಿಫ್ಯೂಗಲ್ ರಸ ಕೈಗೆ ಬಿಸಿ ಅನ್ನಿಸಲೇ ಇಲ್ಲ. ಇನ್ನು ಕಿಣ್ವ ಅಂದರೆ ಪ್ರೋಟೀನು, ಹೊಟ್ಟೆಯ ಆಮ್ಲದಲ್ಲಿ ಬಹುಪಾಲು ಮುರಿದೇ ಹೋಗುತ್ತದೆ. ಕಿಣ್ವದ ಹೆಸರಲ್ಲಿ ಏಳೂವರೆ ಸಾವಿರ ಜಾಸ್ತಿ ಕೊಡಬೇಡಿ. ಸೊಪ್ಪು ಹಿಂಡುತ್ತದೆ, ಸದ್ದು ಮಾಡಲ್ಲ ಅನ್ನುವುದಕ್ಕೆ ಕೊಡುವುದಾದರೆ ಕೊಡಿ.

ಯಾವ ಯಂತ್ರದ ಡಬ್ಬದ ಮೇಲೂ ಬರೆಯದ ಎರಡು ಎಚ್ಚರ ಇವೆ. ಸೋರೆಕಾಯಿ ರಸ ಮಾಡುವ ಮೊದಲು ಒಂದು ಚೂರು ಕಚ್ಚಿ ನೋಡಿ, ಕಹಿ ಇದ್ದರೆ ಇಡೀ ಕಾಯಿ ಚೆಲ್ಲಿ. ಕಹಿ ಸೋರೆ ರಸ ಕುಡಿದು ಜೀವ ಹೋದವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ತಜ್ಞರ ಸಮಿತಿಯೂ ಕಹಿ ಇದ್ದರೆ ಕುಡಿಯಲೇಬೇಡಿ ಅಂದಿದೆ. ಬೇರೆ ರಸ ಬೆರೆಸಿದರೆ ಕಹಿ ಗೊತ್ತಾಗದೆ ಹೋಗುತ್ತದೆ, ಅದೇ ಅಪಾಯ. ಎರಡನೆಯದು ಪಾಲಕ್, ಬೀಟ್‌ರೂಟ್. ಎರಡರಲ್ಲೂ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಜಾಸ್ತಿ. ಕಿಡ್ನಿ ಕಲ್ಲು ಆದವರು ದಿನಾ ಲೋಟಗಟ್ಟಲೆ ಕುಡಿಯುವ ಮೊದಲು ಡಾಕ್ಟರನ್ನು ಕೇಳಲೇಬೇಕು. ನಮ್ಮ ಮನೆಯವರಿಗೆ ಹತ್ತು ವರ್ಷದ ಹಿಂದೆ ಕಲ್ಲಾಗಿತ್ತು, ಹಾಗಾಗಿ ಪಾಲಕ್ ರಸ ಎರಡೇ ವಾರಕ್ಕೆ ನಿಂತಿತು. ಅದರ ಜಾಗಕ್ಕೆ ಸೌತೆಕಾಯಿ ಬಂತು.

ಈಗ ತಂಬಿಗೆ ಲೆಕ್ಕ. ಮಿಕ್ಸಿ ಜಾರ್ ಎರಡು ತಂಬಿಗೆ, ಹಿಂಡಿದ ಬಟ್ಟೆಗೆ ಇನ್ನೊಂದು. ಸೆಂಟ್ರಿಫ್ಯೂಗಲ್ ಐದು. ಅದರ ಜಾಳಿಗೆಯ ಹಲ್ಲು ಚೂಪು, ಬೆರಳು ಹಾಕಿದರೆ ಕೊಯ್ಯುತ್ತದೆ. ಸ್ಲೋ ಜ್ಯೂಸರ್ ಆರು, ಸೊಪ್ಪು ಹಿಂಡಿದ ದಿನ ಏಳು. ಬಿಚ್ಚಿದರೆ ಏಳು ಬಿಡಿಭಾಗ. ಜಾಳಿಗೆಯ ತೂತು ಎಷ್ಟು ಸಣ್ಣದೆಂದರೆ ಬೆಳಕಿಗೆ ಹಿಡಿದು ಬ್ರಷ್ಷಿನಲ್ಲಿ ತಿಕ್ಕಬೇಕು. ಅರ್ಧ ಗಂಟೆ ಒಣಗಲು ಬಿಟ್ಟಿರೋ, ಗಜ್ಜರಿ ನಾರು ಸಿಮೆಂಟಿನ ಹಾಗೆ ಕೂರುತ್ತದೆ. ದಿನಕ್ಕೆ ಎರಡು ಸಲ ಆರು ತಂಬಿಗೆ ಅಂದರೆ ನಮ್ಮ ಮನೆಯಲ್ಲಿ ಒಬ್ಬರ ಸ್ನಾನದ ನೀರು. ಎರಡನೇ ತಿಂಗಳಲ್ಲಿ ಅದರ ರಬ್ಬರ್ ವಾಷರ್ ಹರಿದು ಕೆಳಗಿನಿಂದ ರಸ ಸೋರತೊಡಗಿತು. ನೂರು ರೂಪಾಯಿಯ ಆ ವಾಷರ್ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ಮಿಕ್ಸಿಯೇ ಗತಿ. ಮನೆಯವರ ಹಸಿ ಊಟಕ್ಕೆ ಏನೂ ಕೊರತೆ ಆಗಲಿಲ್ಲ ಅನ್ನುವುದನ್ನು ನಾನು ಗಮನಿಸಿದೆ, ಅವರು ಗಮನಿಸಿದಂತೆ ತೋರಿಸಿಕೊಳ್ಳಲಿಲ್ಲ.

ಚರಟದ ಕಥೆಯೂ ಇದೆ. ಗಜ್ಜರಿ ಚರಟವನ್ನು ಚೆಲ್ಲಲು ಮನಸ್ಸು ಬರದೆ ಜೋಳದ ಹಿಟ್ಟಿಗೆ ಕಲಸಿ ಥಾಲಿಪಟ್ಟು ಬಡಿಯತೊಡಗಿದೆ. ಇದಕ್ಕೆ ಮಾತ್ರ ಸೆಂಟ್ರಿಫ್ಯೂಗಲ್ ಚರಟವೇ ವಾಸಿ, ಇನ್ನೂ ಹಸಿ ಇರುತ್ತದೆ, ಥಾಲಿಪಟ್ಟು ಮೆತ್ತಗೆ ಬರುತ್ತದೆ. ಸ್ಲೋ ಜ್ಯೂಸರಿನದು ಮರದ ಹೊಟ್ಟು. ಹೀಗೆ ನಾರಿನಂಶವೆಲ್ಲಾ ನಾನು, ಅತ್ತೆ, ಮಕ್ಕಳು ತಿಂದೆವು. ಆರೋಗ್ಯ ಸುಧಾರಿಸಬೇಕಾದವರು ಸಿಹಿ ನೀರು ಕುಡಿದರು. ಶುಗರ್ ಅಂಚಿನಲ್ಲಿರುವವರಿಗೆ ಇದು ಒಳ್ಳೆಯದಲ್ಲ, ಹಣ್ಣಿನ ರಸದ ಸಕ್ಕರೆ ನಾರಿಲ್ಲದೆ ಬೇಗ ರಕ್ತಕ್ಕೆ ಸೇರುತ್ತದೆ. ಗಜ್ಜರಿ ರಸದ ಪರವಾಗಿಯೂ ಒಂದು ಮಾತು ಹೇಳಬೇಕು. ಅರೆದಾಗ ಅದರ ಕ್ಯಾರೋಟಿನ್ (ಮೈಯಲ್ಲಿ ವಿಟಮಿನ್ ಎ ಆಗುವ ಅಂಶ) ಹಸಿ ತುಂಡಿಗಿಂತ ಚೆನ್ನಾಗಿ ಮೈಗೆ ಹತ್ತುತ್ತದೆ, ಜೊತೆಗೆ ಒಂಚೂರು ಎಣ್ಣೆಯಂಶ ಇರಬೇಕು. ರಸದ ಜೊತೆ ನಾಲ್ಕು ಹಸಿ ಶೇಂಗಾ ಅಗಿದರೂ ಸಾಕು.

ಮೂರು ತಿಂಗಳ ವ್ರತ ಈಗ ಸಡಿಲಾಗಿದೆ, ರಾತ್ರಿ ಬಿಸಿ ರೊಟ್ಟಿ ಮರಳಿ ಬಂದಿದೆ. ಸ್ಲೋ ಜ್ಯೂಸರ್ ಇನ್ನೂ ಕಟ್ಟೆ ಮೇಲೇ ಇದೆ, ನಳದ ನೀರು ಬಂದ ದಿನ ಮತ್ತು ಮರುದಿನ ಮಾತ್ರ ಓಡುತ್ತದೆ. ತೊಳೆಯುವುದು ಮನೆಯವರ ಪಾಲಿಗೆ. ಉಳಿದ ದಿನ ಪಚಡಿ, ಇಲ್ಲವೇ ಮಿಕ್ಸಿ. ಕೈಯಂತ್ರ ದಿನಾ ಬೇಕೇ ಬೇಕು. ಸೆಂಟ್ರಿಫ್ಯೂಗಲ್ ಯಂತ್ರವನ್ನು ಡಬ್ಬಕ್ಕೆ ಹಾಕಿ ಮಾಳಿಗೆ ಮೇಲೆ ಇಟ್ಟಿದ್ದೆ. ಮೊನ್ನೆ ಜಮಖಂಡಿಯ ತಂಗಿ ಫೋನ್ ಮಾಡಿ, "ಅಕ್ಕಾ, ಆ ಗದ್ದಲದ ಮಶೀನ ನನಗ ಕೊಡ. ನಮ್ಮನ್ಯಾಗ ಬೋರ್ ಐತಿ, ತೊಳ್ಯಾಕ ನೀರಿಗೇನು ಬರ ಇಲ್ಲ" ಅಂದಳು. ಕ್ಲಿಪ್ಪಿಗೆ ಒಂದು ದಪ್ಪ ರಬ್ಬರ್ ಬ್ಯಾಂಡ್ ಸುತ್ತಿ, ಬೀಟ್‌ರೂಟ್ ಹಾಕಬೇಡ ಅಂತ ಮುಚ್ಚಳದ ಮೇಲೆ ಚೀಟಿ ಅಂಟಿಸಿ ಇಟ್ಟಿದ್ದೇನೆ.