ವಾರ್ ಕಾಸ್ಟರಾ, ರೆಸಿಲಿಯಂಟಾ?

ಡೈಸ್ ಉರುಳಿಸಿ, ಪಾತ್ರಗಳಾಗಿ ಕಥೆ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಮಂತ್ರ ಹಾಕುವ ಪಾತ್ರ ನಾಲ್ಕನೇ ಲೆವೆಲ್‌ಗೆ ಬಂತೆಂದರೆ ನಮ್ಮ ಶಿರಸಿ ಗುಂಪಿನಲ್ಲಿ ಚರ್ಚೆ ಶುರು: ಯಾವ ಫೀಟ್ (ಪಾತ್ರಕ್ಕೆ ಸಿಗುವ ವಿಶೇಷ ಸಾಮರ್ಥ್ಯ) ತಗೊಳ್ಳೋದು, ವಾರ್ ಕಾಸ್ಟರಾ, ರೆಸಿಲಿಯಂಟಾ? ನಾನು ಎರಡನ್ನೂ ಆಡಿ ನೋಡಿದ್ದೇನೆ. ದೈವಬಲದಿಂದ ಮಂತ್ರ ಹಾಕುವ ಕ್ಲೆರಿಕ್‌ಗೆ ವಾರ್ ಕಾಸ್ಟರ್, ಓದಿ ಮಂತ್ರ ಕಲಿತ ವಿಜರ್ಡ್‌ಗೆ ರೆಸಿಲಿಯಂಟ್. ಎರಡೂ 2014ರ ನಿಯಮದಲ್ಲಿ.

ಎರಡೂ ಕಾಯುವುದು ಕಾನ್ಸಂಟ್ರೇಶನ್ನನ್ನೇ, ಅಂದರೆ ಹಾಕಿದ ಮಂತ್ರವನ್ನು ಹಿಡಿದಿಟ್ಟುಕೊಳ್ಳುವ ಏಕಾಗ್ರತೆಯನ್ನು. ಏಟು ಬಿದ್ದರೆ ಕಾನ್‌ಸ್ಟಿಟ್ಯೂಷನ್ (ದೇಹದ ತಾಳಿಕೆ) ಸೇವ್ ಹಾಕಬೇಕು, ಅಂದರೆ ಡೈಸ್ ಉರುಳಿಸಿ ಗುರಿ ಮುಟ್ಟಬೇಕು. ಗುರಿ 10, ಇಲ್ಲವೇ ಡ್ಯಾಮೇಜಿನ ಅರ್ಧ, ಯಾವುದು ಹೆಚ್ಚೋ ಅದು. ವಾರ್ ಕಾಸ್ಟರ್ ಇದ್ದರೆ ಡೈಸ್ ಎರಡು ಸಲ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ರೆಸಿಲಿಯಂಟ್ ಕಾನ್‌ಸ್ಟಿಟ್ಯೂಷನ್‌ಗೆ ಒಂದು ಅಂಕ ಸೇರಿಸಿ, ಆ ಸೇವ್‌ಗೆ ಪ್ರೊಫಿಶಿಯೆನ್ಸಿ, ಅಂದರೆ ಲೆವೆಲ್ ಜೊತೆ ಬೆಳೆಯುವ ಬೋನಸ್, ಕೊಡುತ್ತದೆ.

ಕಾನ್‌ಸ್ಟಿಟ್ಯೂಷನ್ 15 ಇದೆ ಅಂದುಕೊಳ್ಳಿ. ಯಾವ ಫೀಟೂ ಇಲ್ಲದಿದ್ದರೆ ಗುರಿ 10 ಮುಟ್ಟುವ ಸಾಧ್ಯತೆ ಶೇ. 65. ವಾರ್ ಕಾಸ್ಟರಿಗೆ ಸುಮಾರು ಶೇ. 88. ರೆಸಿಲಿಯಂಟ್‌ಗೆ ನಾಲ್ಕನೇ ಲೆವೆಲ್‌ನಲ್ಲಿ ಶೇ. 80, ಒಂಬತ್ತಕ್ಕೆ ಬಂದರೆ 90. ಅಂದರೆ ಸಣ್ಣ ಲೆವೆಲ್‌ನಲ್ಲಿ ಮೊದಲನೆಯದು ಮುಂದೆ, ಆಟ ಬೆಳೆದ ಹಾಗೆ ಎರಡನೆಯದು.

ಆದರೆ ಬರೀ ಶೇಕಡಾ ನೋಡಿ ಆರಿಸಬೇಡಿ. ನಿಮ್ಮ ಪಾತ್ರ ಎಲ್ಲಿ ನಿಲ್ಲುತ್ತದೆ ಅಂತ ನೋಡಿ. ನನ್ನ ಕ್ಲೆರಿಕ್ ಯಾವಾಗಲೂ ಮುಂದಿನ ಸಾಲಿನವಳು. ಒಂದು ಕೈಯಲ್ಲಿ ಗದೆ, ಇನ್ನೊಂದರಲ್ಲಿ ಗುರಾಣಿ. ಗಾಯ ವಾಸಿ ಮಾಡುವ ಕ್ಯೂರ್ ವೂಂಡ್ಸ್ ಮಂತ್ರ ಹಾಕಲು ಒಂದು ಕೈ ಖಾಲಿ ಬೇಕು. ವಾರ್ ಕಾಸ್ಟರ್ ಆ ತೊಡಕನ್ನೇ ತೆಗೆದುಹಾಕಿತು. ಒಂದು ಮಳೆಗಾಲದ ರಾತ್ರಿ, ಕರೆಂಟ್ ಹೋಗಿ ಮೊಬೈಲ್ ಟಾರ್ಚಿನಲ್ಲಿ ಡೈಸ್ ನೋಡುತ್ತಿದ್ದಾಗ, ಗಾಯಗೊಂಡ ಓರ್ಕ್ (ರಾಕ್ಷಸನಂಥ ಶತ್ರು) ಅವಳ ಪಕ್ಕದಿಂದ ಓಡಲು ಹೊರಟಿತು. ಹಾಗೆ ಓಡುವ ಶತ್ರುವಿಗೆ ಒಂದು ಏಟು ಹಾಕಬಹುದು; ವಾರ್ ಕಾಸ್ಟರ್ ಇದ್ದರೆ ಏಟಿನ ಬದಲು ಮಂತ್ರವನ್ನೇ. ಗದೆ ಬೀಸುವ ಬದಲು ಗಾಯ ಮಾಡುವ ಮಂತ್ರ ಇನ್‌ಫ್ಲಿಕ್ಟ್ ವೂಂಡ್ಸ್ ಹಾಕಿದೆ. "ಎಷ್ಟು ಬಿತ್ತು ಮಾರಾಯ?" ಅಂದ ಆಟ ನಡೆಸುವ ಡಿಎಂ. ಮೂರು ಡಿ10 (ಹತ್ತು ಮುಖದ ಡೈಸ್) ಸೇರಿ 21. ಓರ್ಕ್ ಅಲ್ಲೇ ಬಿತ್ತು. ಈ ಸುಖ ರೆಸಿಲಿಯಂಟ್‌ನಲ್ಲಿ ಇಲ್ಲ.

ವಿಜರ್ಡ್ ಕಥೆ ಬೇರೆ. ಅವನು ಹಿಂದೆ ನಿಂತು ನಮ್ಮ ಫೈಟರ್ (ಯೋಧ) ಮೇಲೆ ವೇಗ ಹೆಚ್ಚಿಸುವ ಹೇಸ್ಟ್ ಮಂತ್ರ ಹಿಡಿದಿರುತ್ತಾನೆ. ಅದು ತಪ್ಪಿದರೆ ಫೈಟರ್‌ಗೆ ಒಂದು ಸರದಿಯೇ ನಷ್ಟ. ಕೈ ಖಾಲಿ, ಹತ್ತಿರ ಬರುವ ಶತ್ರು ಕಡಿಮೆ. ವಾರ್ ಕಾಸ್ಟರಿನ ಮುಕ್ಕಾಲು ಪಾಲು ಅವನಿಗೆ ವ್ಯರ್ಥ. ರೆಸಿಲಿಯಂಟ್ ಆದರೆ ಅದೇ ಸೇವ್ ಬೇಕಾಗುವ ವಿಷಕ್ಕೂ ಆಯಿತು, ಹಸಿರು ಡ್ರ್ಯಾಗನ್ನಿನ ಉಸಿರಿಗೂ ಆಯಿತು. ಸಾರ್ಸರರ್ (ಇನ್ನೊಂದು ಬಗೆಯ ಮಂತ್ರಗಾರ) ಆಡುವವರು ಇದನ್ನು ತಗೊಳ್ಳಲೇಬೇಡಿ, ಅವರಿಗೆ ಆ ಸೇವ್‌ನ ಪ್ರೊಫಿಶಿಯೆನ್ಸಿ ಹುಟ್ಟಿನಿಂದಲೇ ಇದೆ.

2024ರ ನಿಯಮದಲ್ಲಿ ವಾರ್ ಕಾಸ್ಟರ್ ಬುದ್ಧಿ, ವಿವೇಕ ಅಥವಾ ಕರಿಸ್ಮಾಗೂ ಒಂದು ಅಂಕ ಕೊಡುತ್ತದೆ. ಹಾಗಾಗಿ ಆ ನಿಯಮದಲ್ಲಿ ಶುರುಮಾಡುತ್ತಿರುವ ಹೊಸ ಆಟದಲ್ಲಿ, ಆ ಅಂಕದಿಂದ ಬುದ್ಧಿ 17ರಿಂದ 18ಕ್ಕೇರುವ ನನ್ನ ವಿಜರ್ಡ್‌ಗೂ ವಾರ್ ಕಾಸ್ಟರನ್ನೇ ಬರೆದಿಟ್ಟಿದ್ದೇನೆ.