ಎರಡು ವರ್ಷ ಹಳೆಯ ವೈಫೈ ರೂಟರ್ ಮತ್ತು ಅದರ ಅಡಾಪ್ಟರ್

ಎಎಕ್ಸ್ 1500 ವರ್ಗದ ವೈಫೈ 6 ರೂಟರ್, ಬೆಲೆ ಮೂರು ಸಾವಿರ ರೂಪಾಯಿ ಆಸುಪಾಸು. ಬಳಕೆ ಎರಡು ವರ್ಷ ಎರಡು ತಿಂಗಳು. ಲೈನು 150 ಎಂಬಿಪಿಎಸ್ ಫೈಬರ್. ಕೆಳಗೆ ಮೂರು ಕೋಣೆ, ಮೇಲೆ ಎರಡು, ಗೋಡೆಯೆಲ್ಲ ಕೆಂಪು ಕಲ್ಲು. ಡಬ್ಬದ ಮೇಲಿನ ಸ್ಪೀಡು, ಆಂಟೆನಾ ಲೆಕ್ಕವೆಲ್ಲ ನೀವು ನೋಡಿಯೇ ಇರುತ್ತೀರಿ, ಅದನ್ನು ಬಿಡೋಣ.

ಈ ಬಜೆಟ್ಟಿನಲ್ಲಿ ಕೊಳ್ಳುವವರು ಮೊದಲು ನೋಡಬೇಕಾದ್ದು ಹಿಂಬದಿಯಲ್ಲಿ ಕೇಬಲ್ ಚುಚ್ಚುವ ಪೋರ್ಟು. ಹಿಂದಿನ ತಲೆಮಾರಿನ (ವೈಫೈ 5) ಅಗ್ಗದ ಎಸಿ 1200 ರೂಟರ್‌ಗಳಲ್ಲಿ ಅನೇಕಕ್ಕೆ ಇರುವುದು 100 ಎಂಬಿಪಿಎಸ್ ಪೋರ್ಟು. ವೈಫೈ 867 ಎಂಬಿಪಿಎಸ್ ಎಂದು ಎಷ್ಟು ದಪ್ಪಕ್ಷರದಲ್ಲಿ ಬರೆದರೂ ನೀರು ಬರುವ ನಲ್ಲಿಯೇ ಸಣ್ಣದು. ಸ್ಪೀಡ್ ಟೆಸ್ಟು 94ರ ಆಚೆ ಹೋಗುವುದೇ ಇಲ್ಲ. ಗಿಗಾಬಿಟ್ (1,000 ಎಂಬಿಪಿಎಸ್) ಪೋರ್ಟಿದ್ದೂ 94ಕ್ಕೇ ನಿಂತರೆ ಕೇಬಲ್ ಮೇಲೆ ಅನುಮಾನಪಡಿ. ಅದರೊಳಗಿನ ಎಂಟು ತಂತಿಗಳಲ್ಲಿ ಒಂದು ತುದಿಯ ಪ್ಲಗ್ಗಿನಲ್ಲಿ ಸರಿಯಾಗಿ ಕೂರದಿದ್ದರೂ ಸಾಮಾನ್ಯವಾಗಿ ಲಿಂಕು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ. ಇನ್ನು ಮೇಲಿನ ವರ್ಗದ ಎಎಕ್ಸ್ 3000ಕ್ಕೆ ಸಾವಿರ ಚಿಲ್ಲರೆ ಹೆಚ್ಚು ಕೊಡಬೇಕೇ? ಅದರ ಡಬ್ಬದ ಮೇಲಿನ 2402 ಎಂಬಿಪಿಎಸ್ ಅನ್ನುವ ಸಂಖ್ಯೆ ಬರುವುದು 160 ಮೆಗಾಹರ್ಟ್ಸ್ ಅಗಲದ ಚಾನೆಲ್ಲಿನಲ್ಲಿ. ಹೆಚ್ಚಿನ ಫೋನುಗಳು 80ರಲ್ಲೇ ಕೆಲಸ ಮಾಡುತ್ತವೆ. 150ರ ಲೈನಿಗೆ ಆ ದುಡ್ಡು ದಂಡ.

ಮೊದಲ ವರ್ಷ ದೂರುವಂಥದ್ದೇನಿಲ್ಲ. ಫೈಬರ್ ಲೈನು ಬಂದು ಸೇರುವ ಡಬ್ಬಿಯ (ಫೈಬರ್ ಡಬ್ಬಿ ಎನ್ನೋಣ) ವೈಫೈ ಆಫ್ ಮಾಡಿ, ರೂಟರಿನ ವಿಳಾಸವನ್ನು 192.168.1.1ರಿಂದ 192.168.5.1ಕ್ಕೆ ಬದಲಿಸಿದರೆ ಒಂದು ತಲೆನೋವು ಕಳೆಯಿತು. ಎರಡೂ ಒಂದೇ ವಿಳಾಸದಲ್ಲಿ ಕೂತರೆ ಇಂಟರ್ನೆಟ್ಟೂ ಬರುವುದಿಲ್ಲ, ಸೆಟ್ಟಿಂಗ್ ಪುಟ ಯಾರದ್ದು ತೆರೆಯಿತೆಂದೂ ಗೊತ್ತಾಗುವುದಿಲ್ಲ. 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಲ್ಲಿ ತೋರಿಸುವ ಸ್ಮಾರ್ಟ್ ಕನೆಕ್ಟ್ ಆಫ್ ಮಾಡಿ ಬೇರೆ ಬೇರೆ ಹೆಸರಿಡುವುದು ಒಳ್ಳೆಯದು. ಪ್ರಿಂಟರ್, ಸ್ಮಾರ್ಟ್ ಪ್ಲಗ್ಗುಗಳಲ್ಲಿ ಹೆಚ್ಚಿನವಕ್ಕೆ 2.4 ಬಿಟ್ಟು ಬೇರೆ ಕಾಣುವುದೇ ಇಲ್ಲ, ಒಂದೇ ಹೆಸರಿದ್ದರೆ ಸೆಟಪ್ ಹೊತ್ತಿನಲ್ಲಿ ಗೊಂದಲವಾಗುತ್ತವೆ. 2.4ರಲ್ಲಿ ಅಗಲ 20 ಮೆಗಾಹರ್ಟ್ಸ್, ಚಾನೆಲ್ 1, 6, 11ರಲ್ಲಿ ಪಕ್ಕದ ಮನೆಯವರು ಬಿಟ್ಟದ್ದು. ಜಾಗ: ಟಿವಿ ಹಿಂದೆ ಬೇಡ, ಕಬ್ಬಿಣದ ಬೀರುವಿನ ಮೇಲೆ ಬೇಡ, ಮೆಟ್ಟಿಲ ಪಕ್ಕ ಆಳೆತ್ತರದಲ್ಲಿ ಒಂದು ಮೊಳೆ ಸಾಕು. ಮೇಲಿನ ಕೋಣೆಗೆ ಸಿಗ್ನಲ್ ಹೋಗುವುದು ಮೆಟ್ಟಿಲ ಸಂದಿಯಿಂದಲೇ ಹೊರತು ಸ್ಲ್ಯಾಬ್ ತೂರಿಕೊಂಡಲ್ಲ.

ನಿಜಕ್ಕೂ ಖುಷಿ ಕೊಟ್ಟದ್ದು ಗೆಸ್ಟ್ ನೆಟ್‌ವರ್ಕ್. ಅದರ ಕ್ಯೂಆರ್ ಕೋಡನ್ನು ಅಂಗೈಯಗಲ ಪ್ರಿಂಟ್ ಹಾಕಿ ನಡುಮನೆಯ ಕ್ಯಾಲೆಂಡರ್ ಪಕ್ಕ ಅಂಟಿಸಿದರೆ ಮುಗಿಯಿತು. ಹಬ್ಬಕ್ಕೆ ಬಂದ ನೆಂಟರು ಚಪ್ಪಲಿ ಬಿಟ್ಟು ಒಳಗೆ ಬಂದವರೇ ಅದರ ಮುಂದೆ ಫೋನು ಹಿಡಿದು ನಿಲ್ಲುತ್ತಾರೆ. ‘ವೈಫೈ ಪಾಸ್‌ವರ್ಡ್ ಏನೋ?’ ಎಂದು ಕೂಗುವುದಿಲ್ಲ, ದೊಡ್ಡ ಅಕ್ಷರವೋ ಸಣ್ಣ ಅಕ್ಷರವೋ ಎಂಬ ವಿಚಾರಣೆಯಿಲ್ಲ. ಹಬ್ಬ ಮುಗಿದ ಮೇಲೆ ಗೆಸ್ಟ್ ಆಫ್. ಮುಂದಿನ ಹಬ್ಬಕ್ಕೆ ಅದೇ ಚೀಟಿ.

ಇಷ್ಟರಲ್ಲೇ ನಿಂತಿದ್ದರೆ ಐದಕ್ಕೆ ನಾಲ್ಕೂವರೆ ಸ್ಟಾರ್. ಇಪ್ಪತ್ತನೇ ತಿಂಗಳಿಗೆ ಕಾಟ ಶುರು. ರಾತ್ರಿ ಎಂಟರಿಂದ ಹತ್ತು, ಟಿವಿ, ಎರಡು ಫೋನು, ಒಂದು ಲ್ಯಾಪ್‌ಟಾಪ್ ಒಟ್ಟಿಗೆ ಎಳೆಯುವ ಹೊತ್ತಿಗೆ ವೈಫೈ ಹೆಸರೇ ಮಾಯ. ಎರಡು ನಿಮಿಷಕ್ಕೆ ತಾನಾಗಿ ವಾಪಸ್. ಕರೆಂಟು ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವಾಗ ಫ್ಯಾನು ನಿಲ್ಲುವುದಿಲ್ಲ, ಲೈಟು ಮಿಣುಕುವುದೂ ಇಲ್ಲ, ರೂಟರ್ ಮಾತ್ರ ಮಲಗಿ ಏಳುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಆರೇಳು ಸಲ. ಇಂಥದ್ದನ್ನು ಕೇಳಿದವರೆಲ್ಲ ಕೊಡುವ ಉತ್ತರ ಒಂದೇ: ರೂಟರ್ ಹೋಯ್ತು, ಹೊಸದು ತಗೊಳ್ಳಿ.

ತೆಗೆದುಕೊಳ್ಳುವ ಮೊದಲು ಸೆಟ್ಟಿಂಗಿನ ಸ್ಟೇಟಸ್ ಪುಟದಲ್ಲಿ ಅಪ್‌ಟೈಮ್, ಅಂದರೆ ರೂಟರ್ ಆನ್ ಆಗಿ ಎಷ್ಟು ಹೊತ್ತಾಯಿತು ಎಂಬುದನ್ನು ನೋಡಿ. ನೆಟ್ ಹೋಗಿ ಬಂದ ಮೇಲೂ ಅದು ಹನ್ನೆರಡು ದಿನ, ಹದಿಮೂರು ದಿನ ಎಂದು ಎಣಿಸುತ್ತಲೇ ಇದ್ದರೆ ತಪ್ಪು ಲೈನಿನದ್ದು. ಫೈಬರ್ ಡಬ್ಬಿಯಲ್ಲಿ ಕೆಂಪು ದೀಪ ಉರಿದಿರಲೂಬಹುದು. ಅಪ್‌ಟೈಮ್ ಸೊನ್ನೆಯಿಂದ ಶುರುವಾಗಿದ್ದರೆ ರೂಟರ್ ಸತ್ತು ಹುಟ್ಟಿದೆ ಎಂದರ್ಥ. ಆಗ ಅಡಾಪ್ಟರ್ ಕೈಗೆತ್ತಿಕೊಳ್ಳಿ.

ಈ ರೂಟರ್ ಜೊತೆ ಬಂದದ್ದು 12 ವೋಲ್ಟ್ 1 ಆಂಪಿಯರ್, ಹಗುರದ್ದು. ಎರಡು ವರ್ಷ ಹಗಲೂ ರಾತ್ರಿ ಬಿಸಿಯಲ್ಲಿ ಬೆಂದು ಒಳಗೆ ಕರೆಂಟನ್ನು ಕೊಂಚ ಹೊತ್ತು ಹಿಡಿದಿಡುವ ಕೆಪಾಸಿಟರ್ ಒಣಗಿದೆ. ಹೊಸದಿದ್ದಾಗ ಇನ್ವರ್ಟರ್ ಬದಲಾಗುವ ಆ ಹತ್ತಿಪ್ಪತ್ತು ಮಿಲಿಸೆಕೆಂಡು ಹಿಡಿದು ನಿಲ್ಲಿಸುತ್ತಿದ್ದದ್ದು ಈ ಕೆಪಾಸಿಟರೇ. ಈಗ ಆ ಶಕ್ತಿಯಿಲ್ಲ. ಹೊರೆ ಹೆಚ್ಚಾದಾಗಲೂ ವೋಲ್ಟೇಜು ಕುಸಿಯುತ್ತದೆ. ಪಿನ್ನು ಕಿತ್ತು ವೋಲ್ಟ್ ಅಳೆಯುವ ಮೀಟರ್ ಇಟ್ಟರೆ 12.1 ತೋರಿಸಿ ಒಳ್ಳೆಯವನ ಹಾಗೆ ನಿಲ್ಲುತ್ತದೆ, ಅದನ್ನು ನಂಬಬೇಡಿ. ಒಂದಕ್ಕೆ ಎರಡು ಕವಲಿನ ಡಿಸಿ ಸ್ಪ್ಲಿಟರ್ ವಯರ್ ಹಾಕಿ, ಒಂದು ಕವಲು ರೂಟರಿಗೆ, ಇನ್ನೊಂದಕ್ಕೆ ಮೀಟರ್ ಹಿಡಿದು, ಫೋನಿನಲ್ಲಿ ದೊಡ್ಡ ಫೈಲ್ ಡೌನ್‌ಲೋಡಿಗೆ ಬಿಡಿ. ಇಲ್ಲಿ 12.1 ಇದ್ದದ್ದು 10.4ಕ್ಕೆ ಇಳಿಯಿತು. ಪ್ರಕರಣ ಅಲ್ಲಿಗೆ ಮುಗಿಯಿತು.

ಮುನ್ನೂರು ರೂಪಾಯಿಯ 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಹಾಕಿದ ದಿನದಿಂದ ಅಪ್‌ಟೈಮ್ ತಿಂಗಳುಗಟ್ಟಲೆ ಓಡುತ್ತಿದೆ. ಆಂಪಿಯರ್ ಜಾಸ್ತಿಯಾದರೆ ಸುಟ್ಟೀತೆಂಬ ಹೆದರಿಕೆ ಬೇಡ, ರೂಟರ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಹೆದರಬೇಕಾದ್ದು ವೋಲ್ಟಿಗೆ. ಅಗ್ಗದ ರೂಟರ್‌ಗಳಲ್ಲಿ 9 ವೋಲ್ಟಿನವೂ ಇವೆ, 5 ವೋಲ್ಟಿನವೂ ಇವೆ. ಅವಕ್ಕೆ 12 ಚುಚ್ಚಿದರೆ ಹೊಗೆ. ಪಿನ್ನಿನ ಅಳತೆಯನ್ನೂ ನೋಡಿ. 5.5 ಮಿಮೀ ಹೊರ ಅಳತೆ ಒಂದೇ ಇದ್ದರೂ ಒಳತೂತು 2.1 ಮತ್ತು 2.5 ಎರಡು ಬಗೆ. 2.1ರ ಜಾಗಕ್ಕೆ 2.5 ಹಾಕಿದರೆ ಸಡಿಲ ಕೂತು, ಬಾಗಿಲು ದಡಾರನೆ ಹಾಕಿದ್ದಕ್ಕೂ ರೂಟರ್ ರೀಸ್ಟಾರ್ಟ್ ಆದೀತು.

ಹಾಗಾಗಿ ಈಗ ಯಾರಾದರೂ ಯಾವ ರೂಟರ್ ಕೊಳ್ಳಲಿ ಎಂದರೆ, ಮೊದಲ ಪ್ರಶ್ನೆ ಗಿಗಾಬಿಟ್ ಪೋರ್ಟು, ಎರಡನೆಯದು ಅಡಾಪ್ಟರ್ ಎಷ್ಟರದ್ದು ಎಂಬುದು. 12 ವೋಲ್ಟ್, 1ರಿಂದ 1.5 ಆಂಪಿಯರ್ ಆದರೆ ಬದಲಿ ಎಲ್ಲ ಊರಲ್ಲೂ ಸಿಗುತ್ತದೆ, ಕರೆಂಟು ಹೋದಾಗ ರೂಟರನ್ನು ಬ್ಯಾಟರಿಯಲ್ಲಿ ಓಡಿಸುವ ಮಿನಿ ಯುಪಿಎಸ್ಸೂ ಹೊಂದುತ್ತದೆ. 3 ಆಂಪಿಯರ್ ಬೇಡುವ ಎಂಟು ಆಂಟೆನಾದ ಭಾರಿ ರೂಟರ್‌ಗಳನ್ನು ಸಾಮಾನ್ಯ ಮಿನಿ ಯುಪಿಎಸ್ ಹೊರಲಾರದು.

ಮಿನಿ ಯುಪಿಎಸ್ ಇಲ್ಲಿ ಆರು ತಿಂಗಳಿಂದ ಇದೆ. ಇನ್ವರ್ಟರ್ ಇರುವಾಗ ಇದೇಕೆ ಎನ್ನಬೇಡಿ. ರಾತ್ರಿಯಿಡೀ ಇನ್ವರ್ಟರ್ ಆಫ್ ಮಾಡಿ ಮಲಗುವ ಮನೆಗಳಿಗೆ ಇದೇ ಗತಿ. ಡಬ್ಬದ ಮೇಲಿನ 6,000 ಎಂಎಎಚ್ ನೋಡಿ ಮರುಳಾಗಬೇಡಿ. ಅದು 3.7 ವೋಲ್ಟಿನ ಸೆಲ್ಲಿನ ಲೆಕ್ಕ, ಅಂದರೆ 22 ವ್ಯಾಟ್-ಅವರ್. ವೋಲ್ಟ್ ಏರಿಸುವಾಗ ಕಳೆಯುವುದು ಹೋಗಿ 19 ಉಳಿದೀತು. ರೂಟರಿಗೆ 7 ವ್ಯಾಟ್, ಫೈಬರ್ ಡಬ್ಬಿಗೆ 4 ಎಂದರೆ ಒಂದು ಗಂಟೆ ನಲವತ್ತು ನಿಮಿಷ. ಎರಡಕ್ಕೂ ಕೊಡಲೇಬೇಕು. ರೂಟರಿಗೆ ಮಾತ್ರ ಕೊಟ್ಟು ಫೈಬರ್ ಡಬ್ಬಿಯನ್ನು ಮರೆತರೆ ವೈಫೈ ಪೂರ್ತಿ ತೋರಿಸುತ್ತದೆ, ನೆಟ್ ಮಾತ್ರ ಇಲ್ಲ.

ಇದರಲ್ಲೂ ಒಂದು ತೊಡಕಿದೆ. ಹೆಚ್ಚಿನ ಮಿನಿ ಯುಪಿಎಸ್‌ಗಳಿಗೆ ಸ್ವಂತ ಅಡಾಪ್ಟರ್ ಇರುವುದಿಲ್ಲ, ರೂಟರಿನದ್ದನ್ನೇ ಅದರ ಇನ್‌ಪುಟ್ಟಿಗೆ ಹಾಕಿ ಎನ್ನುತ್ತಾರೆ. ಎರಡು ಡಬ್ಬಿಗೆ 11 ವ್ಯಾಟ್, ಚಾರ್ಜಿಂಗಿಗೆ ಇನ್ನೊಂದು ಏಳೆಂಟು. 1 ಆಂಪಿಯರ್ ಅಡಾಪ್ಟರಿನ ಕೈಲಿ ಇರುವುದೇ 12 ವ್ಯಾಟ್. ಬ್ಯಾಟರಿ ಯಾವತ್ತೂ ತುಂಬುವುದಿಲ್ಲ, ಇಪ್ಪತ್ತು ನಿಮಿಷಕ್ಕೆ ಕೈಯೆತ್ತುತ್ತದೆ, ಬೈಗುಳ ಮಾತ್ರ ಯುಪಿಎಸ್ಸಿಗೆ. ಇನ್‌ಪುಟ್ಟಿಗೂ 2 ಆಂಪಿಯರಿನದ್ದೇ ಬೇಕು. ಹಳೆಯ ಅಡಾಪ್ಟರನ್ನು ‘ಇರಲಿ, ಬೇಕಾದೀತು’ ಎಂದು ಡ್ರಾಯರಿಗೆ ಹಾಕಿಟ್ಟಿದ್ದರೆ ಇವತ್ತೇ ಇ-ತ್ಯಾಜ್ಯಕ್ಕೆ ಕೊಟ್ಟುಬಿಡಿ. ಇಲ್ಲದಿದ್ದರೆ ಒಂದು ದಿನ ಮನೆಯವರೇ ಯಾರಾದರೂ ಅದನ್ನು ಹುಡುಕಿ ತೆಗೆದು ಮತ್ತೆ ರೂಟರಿಗೆ ಚುಚ್ಚುತ್ತಾರೆ.